ಅಳೆದು ಕೊಡು

ತಮ್ಮಾ, ಕಂಪನಿಯ ಸರ್ಟಿಫಿಕೇಟ್ ಸರ್ವರ್ ಈಗ ನಿನ್ನ ಸುಪರ್ದಿಗೆ ಬಂದಿದೆ. ಇಷ್ಟರಲ್ಲೇ ಒಂದು ಬೇಡಿಕೆ ಬಂದೇ ಬರುತ್ತದೆ: "ಸ್ಮಾರ್ಟ್ ಕಾರ್ಡ್‌ಗಳನ್ನು ಹೆಲ್ಪ್ ಡೆಸ್ಕ್‌ನವರೇ ಮಾಡಿಕೊಡಲಿ, ಅವರಿಗೂ ಪರ್ಮಿಷನ್ ಹಾಕಿಕೊಡಿ." ಇಲ್ಲ ಅನ್ನಬೇಡ. ಹುಬ್ಬಳ್ಳಿಯ ಶಾಖೆಗೆ ಸೇರಿದ ಹುಡುಗಿ, ಬೆಂಗಳೂರಿನಲ್ಲಿರುವ ನಿನಗೆ ಬಿಡುವಾಗುವ ತನಕ ಲಾಗಿನ್ ಇಲ್ಲದೆ ಕೂತಿರಬೇಕೆಂದರೆ ಅದು ನ್ಯಾಯವಲ್ಲ. ಅಲ್ಲದೆ, ಎಲ್ಲ ಅಧಿಕಾರವೂ ಒಬ್ಬನ ಹತ್ತಿರವೇ ಇರುವ ಕಡೆ, ಅವನು ರಜೆ ಹಾಕಿದ ದಿನ ಅಡ್ಮಿನ್ ಪಾಸ್‌ವರ್ಡ್ ಫೋನಿನಲ್ಲಿ ಹರಿದಾಡುತ್ತದೆ. ಹಾಗೆ ಕದ್ದುಮುಚ್ಚಿ ಹಂಚಿಹೋಗುವುದಕ್ಕಿಂತ ನೀನೇ ಬರಹದಲ್ಲಿ, ಅಳೆದು ಕೊಟ್ಟದ್ದು ಎಷ್ಟೋ ಮೇಲು.

ಆದರೆ ಏನನ್ನು ಕೊಡುತ್ತಿದ್ದೀಯ ಅನ್ನುವುದು ತಿಳಿದಿರಲಿ. ಕಾರ್ಡ್‌ನೊಳಗೆ ಕೂರುವ ಲಾಗಿನ್ ಸರ್ಟಿಫಿಕೇಟನ್ನು ಬೇರೆಯವರ ಹೆಸರಿನಲ್ಲಿ ಪಡೆಯಬಲ್ಲವನು ಅವರೇ ಆಗಿ ನೆಟ್‌ವರ್ಕಿನಲ್ಲಿ ಓಡಾಡಬಲ್ಲ. ಪಾಸ್‌ವರ್ಡ್ ಬದಲಾಯಿಸಿದರೂ ಆ ಸರ್ಟಿಫಿಕೇಟ್ ಕೆಲಸ ಮಾಡುತ್ತಲೇ ಇರುತ್ತದೆ. ಅದನ್ನು ರದ್ದು ಮಾಡಬೇಕು, ಇಲ್ಲವೇ ಅವಧಿ ಮುಗಿಯುವ ತನಕ ಕಾಯಬೇಕು.

2011ರ ಮಾರ್ಚ್‌ನಲ್ಲಿ ಕೊಮೊಡೊ ಎಂಬ ದೊಡ್ಡ ಸರ್ಟಿಫಿಕೇಟ್ ಸಂಸ್ಥೆಗೆ ಆದದ್ದನ್ನು ಓದಿ ನೋಡು. ಅದರ ಮುಖ್ಯ ಕೀಲಿಯನ್ನು ಯಾರೂ ಕದಿಯಲಿಲ್ಲ. ಅರ್ಜಿದಾರರನ್ನು ಪರಿಶೀಲಿಸಿ ಶಿಫಾರಸು ಮಾಡುವ ಕೆಲಸವನ್ನು ಅದು ಪಾಲುದಾರರಿಗೆ ವಹಿಸಿತ್ತು. ಅಂಥ ಒಬ್ಬ ಪಾಲುದಾರನ ಯೂಸರ್ ನೇಮ್, ಪಾಸ್‌ವರ್ಡ್ ದುಷ್ಕರ್ಮಿಯ ಕೈಸೇರಿತು. ಅಷ್ಟರಿಂದಲೇ ಗೂಗಲ್, ಯಾಹೂ, ಸ್ಕೈಪ್ ಮೊದಲಾದವುಗಳ ಹೆಸರಿನಲ್ಲಿ 9 ನಕಲಿ ಸರ್ಟಿಫಿಕೇಟ್‌ಗಳು ಹೊರಬಿದ್ದವು. ಕೊಮೊಡೊ ಅವನ್ನು ಬೇಗನೆ ರದ್ದು ಮಾಡಿತು. ಆದರೂ ಬ್ರೌಸರ್ ತಯಾರಕರು ಆ ಒಂಬತ್ತನ್ನು ತಡೆಯಲೆಂದೇ ಹೊಸ ಅಪ್‌ಡೇಟ್ ಹೊರಡಿಸಬೇಕಾಯಿತು. ಪಾಲುದಾರನಿಗೆ ಯಾವ ಹೆಸರುಗಳಿಗೆ ಶಿಫಾರಸು ಮಾಡಬಹುದು ಅನ್ನುವ ಮಿತಿ ಇದ್ದಿದ್ದರೆ ಗೂಗಲ್‌ನ ಹೆಸರು ಅಲ್ಲಿ ಸುಳಿಯುತ್ತಲೇ ಇರಲಿಲ್ಲ.

ನಿನ್ನ ಹತ್ತಿರ ಇರುವುದು ಮೈಕ್ರೋಸಾಫ್ಟ್‌ನ ಸರ್ಟಿಫಿಕೇಟ್ ಸರ್ವೀಸಸ್. ಅದರಲ್ಲಿ ಮಿತಿ ಹಾಕುವ ಜಾಗವಿದೆ, 2008ರ ವಿಂಡೋಸ್ ಸರ್ವರ್‌ನಿಂದಲೂ ಇದೆ. ಸಿಎಯ (ಸರ್ಟಿಫಿಕೇಟ್ ಕೊಡುವ ಸರ್ವರ್‌ನ) ಪ್ರಾಪರ್ಟೀಸ್ ತೆರೆದು 'ಎನ್‌ರೋಲ್‌ಮೆಂಟ್ ಏಜೆಂಟ್ಸ್' ಟ್ಯಾಬ್‌ಗೆ ಹೋಗು. ಬೇರೆಯವರ ಪರವಾಗಿ ಸರ್ಟಿಫಿಕೇಟ್ ಕೇಳುವವನೇ ಎನ್‌ರೋಲ್‌ಮೆಂಟ್ ಏಜೆಂಟ್. ಮೊದಲಿಗೆ ಅಲ್ಲಿ 'ನಿರ್ಬಂಧ ಬೇಡ' ಎಂಬ ಆಯ್ಕೆಯೇ ಇರುತ್ತದೆ. ಅಂದರೆ ಏಜೆಂಟ್ ಸರ್ಟಿಫಿಕೇಟ್ ಸಿಕ್ಕವನು ಎಂಡಿಯ ಹೆಸರಿನಲ್ಲೂ ಕಾರ್ಡ್ ಮಾಡಿಕೊಳ್ಳಬಹುದು, ಡೊಮೈನ್ ಅಡ್ಮಿನ್ ಹೆಸರಿನಲ್ಲೂ ಮಾಡಿಕೊಳ್ಳಬಹುದು. ಅದನ್ನು ನಿರ್ಬಂಧಕ್ಕೆ ಬದಲಾಯಿಸು. ಆಗ ಮೂರು ಪಟ್ಟಿಗಳನ್ನು ತುಂಬಬೇಕಾಗುತ್ತದೆ: ಏಜೆಂಟ್ ಯಾರು, ಯಾವ ಟೆಂಪ್ಲೇಟ್ (ಸರ್ಟಿಫಿಕೇಟಿನ ಅಚ್ಚು), ಯಾರ ಪರವಾಗಿ. ಮೊದಲ ಪಟ್ಟಿಗೆ ಹೆಲ್ಪ್ ಡೆಸ್ಕ್ ಗ್ರೂಪನ್ನು ಸೇರಿಸಿ 'ಎವ್ರಿಒನ್' ಅನ್ನುವುದನ್ನು ತೆಗೆ. ಎರಡನೆಯದಕ್ಕೆ ಸ್ಮಾರ್ಟ್ ಕಾರ್ಡ್ ಟೆಂಪ್ಲೇಟ್ ಒಂದನ್ನೇ ಸೇರಿಸಿ 'ಆಲ್' ತೆಗೆ. ಹೊಸದನ್ನು ಸೇರಿಸಿ ಹಳೆಯದನ್ನು ತೆಗೆಯಲು ಮರೆಯುವುದು ಬಹಳ ಸುಲಭ, ಅದಕ್ಕೇ ಇದನ್ನು ಬಿಡಿಸಿ ಹೇಳುತ್ತಿದ್ದೇನೆ. ಮೂರನೆಯದಕ್ಕೆ ಶಾಖೆಯ ನೌಕರರ ಗ್ರೂಪನ್ನು ಹಾಕಿ ಅಲ್ಲೂ 'ಎವ್ರಿಒನ್' ತೆಗೆ, ಅಡ್ಮಿನ್‌ಗಳ ಗ್ರೂಪಿಗೆ 'ಡಿನೈ' ಕೊಡು. ಡೈರೆಕ್ಟರಿಯ ಓಯು (ವಿಭಾಗ) ಹೆಸರು ಇಲ್ಲಿ ನಡೆಯುವುದಿಲ್ಲ, ಸೆಕ್ಯೂರಿಟಿ ಗ್ರೂಪೇ ಬೇಕು. ಆದ್ದರಿಂದ ಗ್ರೂಪ್‌ಗಳನ್ನು ಮೊದಲು ಅಚ್ಚುಕಟ್ಟು ಮಾಡಿಕೋ.

ಏಜೆಂಟ್ ಸರ್ಟಿಫಿಕೇಟನ್ನು ಪಿಸಿಯಲ್ಲಿ ಬಿಡಬೇಡ, ಅದೂ ಒಂದು ಕಾರ್ಡ್‌ನಲ್ಲೋ ಟೋಕನ್‌ನಲ್ಲೋ ಇರಲಿ. ಅದನ್ನು ಕೊಡುವ ಟೆಂಪ್ಲೇಟ್‌ಗೆ ಮ್ಯಾನೇಜರ್ ಅಪ್ರೂವಲ್ ಕಡ್ಡಾಯ ಮಾಡು.

ಇನ್ನು ಟೆಂಪ್ಲೇಟ್‌ನ ಪರ್ಮಿಷನ್. ಸರ್ಟಿಫಿಕೇಟ್ ಪಡೆಯಲು 'ರೀಡ್' ಮತ್ತು 'ಎನ್‌ರೋಲ್' ಸಾಕು. "ಏನೋ ಎರರ್ ಬರ್ತಿದೆ ಸಾರ್, ಫುಲ್ ಕಂಟ್ರೋಲ್ ಕೊಟ್ಟುಬಿಡಿ" ಅಂತ ಯಾರಾದರೂ ಅವಸರ ಮಾಡಿದರೆ ದಯವಿಟ್ಟು ಕೈ ತಡೆ. 'ರೈಟ್' ಸಿಕ್ಕವನು ಟೆಂಪ್ಲೇಟನ್ನೇ ತಿದ್ದಬಲ್ಲ. ಸರ್ಟಿಫಿಕೇಟ್ ಯಾರ ಹೆಸರಿಗೆ ಅನ್ನುವುದನ್ನು ಅರ್ಜಿ ಹಾಕುವವನೇ ಬರೆದುಕೊಳ್ಳಬಹುದು ಎಂಬ ಆಯ್ಕೆ ಅಲ್ಲೇ ಇದೆ. ಅದಕ್ಕೊಂದು ಟಿಕ್ ಹಾಕಿದರೆ ನೀನು ಬೇರೆ ಕಡೆ ಕಟ್ಟಿದ ಕಟ್ಟುಪಾಡೆಲ್ಲ ನೀರುಪಾಲು. 2021ರಲ್ಲಿ ಸ್ಪೆಕ್ಟರ್‌ಆಪ್ಸ್ ಎಂಬ ಭದ್ರತಾ ಸಂಸ್ಥೆಯ ವಿಲ್ ಶ್ರೋಡರ್ ಮತ್ತು ಲೀ ಕ್ರಿಸ್ಟೆನ್ಸನ್ ಇಂಥ ತಪ್ಪು ಜೋಡಣೆಗಳನ್ನು ಇಎಸ್‌ಸಿ 1ರಿಂದ 8ರವರೆಗೆ ನಂಬರ್ ಹಾಕಿ ಪ್ರಕಟಿಸಿದರು. ಹೆಸರು ತಾನೇ ಬರೆದುಕೊಳ್ಳುವುದು ಒಂದನೆಯದು, ಏಜೆಂಟ್‌ನ ದುರುಪಯೋಗ ಮೂರನೆಯದು, ಟೆಂಪ್ಲೇಟ್ ತಿದ್ದುವ ಅಧಿಕಾರ ನಾಲ್ಕನೆಯದು. ಅವರ ವರದಿ ಉದ್ದವಾಗಿದೆ, ಆದರೂ ಒಂದು ಭಾನುವಾರ ಅದಕ್ಕೆಂದೇ ಇಟ್ಟುಕೋ.

ಕೇಳುವವರು, ಒಪ್ಪುವವರು, ಟೆಂಪ್ಲೇಟ್ ತಿದ್ದುವವರು, ಸಿಎ ನಡೆಸುವವರು ಬೇರೆ ಬೇರೆ ಜನರಾಗಿರಲಿ. ಸಣ್ಣ ಆಫೀಸಿನಲ್ಲಿ ನಾಲ್ಕು ಜನ ಎಲ್ಲಿಂದ ಬರುತ್ತಾರೆ ಅಂತ ನೀನು ಕೇಳಬಹುದು, ಸರಿಯಾದ ಪ್ರಶ್ನೆಯೇ. ಇಬ್ಬರೇ ಇದ್ದರೂ ಕೇಳುವವನು ಮತ್ತು ಒಪ್ಪುವವನು ಒಬ್ಬನೇ ಆಗದಂತೆ ನೋಡಿಕೋ. ಉಳಿದದ್ದರಲ್ಲಿ ರಾಜಿ ಮಾಡಿಕೊಳ್ಳಬಹುದು. ರೋಲ್ ಸೆಪರೇಷನ್ ಎಂಬ ಸೌಲಭ್ಯವನ್ನು ಚಾಲೂ ಮಾಡಿದರೆ, ಎರಡು ಪಾತ್ರ ಹೊತ್ತವನಿಗೆ ಸಿಎ ಎರಡನ್ನೂ ನಿರಾಕರಿಸುತ್ತದೆ. ಆದರೆ ಸರ್ವರ್‌ನ ಲೋಕಲ್ ಅಡ್ಮಿನ್ ಅದನ್ನು ಮತ್ತೆ ತೆಗೆದುಹಾಕಬಲ್ಲ, ಹಾಗಾಗಿ ಆ ಲೋಕಲ್ ಅಡ್ಮಿನ್ ಗ್ರೂಪಿನಲ್ಲಿ ಯಾರ್ಯಾರಿದ್ದಾರೆ ಅನ್ನುವುದನ್ನೂ ನೋಡು.

ಅಧಿಕಾರವನ್ನು ಯಾವತ್ತೂ ಗ್ರೂಪಿಗೇ ಕೊಡು, ವ್ಯಕ್ತಿಗೆ ಬೇಡ. ಕೆಲಸ ಬಿಟ್ಟು ಹೋದವರ ಹೆಸರನ್ನು ಹತ್ತು ಕಡೆ ಹುಡುಕಿ ತೆಗೆಯುವವರು ಯಾರೂ ಇರುವುದಿಲ್ಲ. ಏಜೆಂಟ್ ಆಗಿದ್ದವರು ಬೇರೆ ವಿಭಾಗಕ್ಕೆ ಹೋದರೆ ಗ್ರೂಪಿನಿಂದ ತೆಗೆದರಷ್ಟೇ ಸಾಲದು, ಅವರ ಏಜೆಂಟ್ ಸರ್ಟಿಫಿಕೇಟನ್ನೂ ಅಂದೇ ರದ್ದು ಮಾಡು.

ಆಡಿಟ್ ಲಾಗ್ ತಾನಾಗಿ ಬರುವುದಿಲ್ಲ. ಸಿಎಯ ಆಡಿಟಿಂಗ್ ಟ್ಯಾಬ್‌ನಲ್ಲೂ ಟಿಕ್ ಹಾಕಬೇಕು, ಸರ್ವರ್‌ನ ಆಡಿಟ್ ಪಾಲಿಸಿಯಲ್ಲೂ ಚಾಲೂ ಮಾಡಬೇಕು. ಒಂದು ಬಿಟ್ಟರೂ ಲಾಗ್ ಖಾಲಿ. 4887 ಅಂದರೆ ಸರ್ಟಿಫಿಕೇಟ್ ಕೊಟ್ಟಾಯಿತು, 4882 ಅಂದರೆ ಸಿಎಯ ಪರ್ಮಿಷನ್ ಯಾರೋ ಬದಲಾಯಿಸಿದರು. ಎರಡನೆಯದು ಕಂಡ ಕೂಡಲೇ ನಿನಗೆ ಮೆಸೇಜ್ ಬರುವ ಹಾಗೆ ಮಾಡಿಕೋ.

ಎಲ್ಲ ಆದಮೇಲೆ ಹೆಲ್ಪ್ ಡೆಸ್ಕ್ ಹುಡುಗನೊಬ್ಬನನ್ನು ಪಕ್ಕದಲ್ಲಿ ಕೂರಿಸಿಕೊಂಡು ಅವನ ಅಕೌಂಟಿನಿಂದಲೇ ಪರೀಕ್ಷೆ ಮಾಡು. ಶಾಖೆಯ ನೌಕರರೊಬ್ಬರಿಗೆ ಅವರ ಒಪ್ಪಿಗೆ ಪಡೆದು ಕಾರ್ಡ್ ಮಾಡಿಸು, ಅದು ಆಗಬೇಕು. ನಿನ್ನ ಸ್ವಂತ ಅಡ್ಮಿನ್ ಅಕೌಂಟಿನ ಹೆಸರಿಗೆ ಮಾಡಿಸು, ಅದು ಆಗಬಾರದು. ಯಾಕೆ ಆಗಲಿಲ್ಲ ಅನ್ನುವುದನ್ನು ಆ ಹುಡುಗನಿಗೂ ವಿವರಿಸು. "ನಿನ್ನ ಮೇಲೆ ನಂಬಿಕೆಯಿಲ್ಲ ಅಂತಲ್ಲ, ನಿನ್ನ ಪಾಸ್‌ವರ್ಡ್ ಕಳುವಾದರೆ ನಿನ್ನ ತಲೆಗೆ ಬರಬಾರದು ಅಂತ" ಎಂದು ಅವನಿಗೆ ಹೇಳು. ಆಮೇಲೆ ಪರೀಕ್ಷೆಗೆಂದು ಮಾಡಿದ ಆ ಸರ್ಟಿಫಿಕೇಟನ್ನು ರದ್ದು ಮಾಡಿ, ರದ್ದತಿ ಪಟ್ಟಿಯಲ್ಲಿ ಅದರ ಸೀರಿಯಲ್ ನಂಬರ್ ಬಂತೋ ಇಲ್ಲವೋ ಕಣ್ಣಾರೆ ನೋಡಿಕೊಂಡೇ ಏಳು.