ಎರೆಮಣ್ಣಿನ ಕಣವೂ ನೈಲಾನಿನ ಬಲವೂ

ಕೊರ್ಲಹಳ್ಳಿಯಲ್ಲಿ ತುಂಗಭದ್ರೆಯ ಮರಳು ಬೆರಳ ಸಂದಿಯಿಂದ ಜಾರುವದು. ಮುಂಡರಗಿ ಸೀಮೆಯ ಎರೆಮಣ್ಣು ಮಳೆ ಬಿದ್ದೊಡನೆ ಕಾಲಿಗೆ ಅಂಟುವದು. ಕಣದ ಗಾತ್ರವು ಈ ಭೇದಕ್ಕೆ ಒಂದು ಮುಖ್ಯ ಕಾರಣವೆಂದು ನಾವು ತಿಳಿಯತಕ್ಕದ್ದು.

ಒಂದು ಸೆಂಟಿಮೀಟರ್ ಘನದ ಮೇಲ್ಮೈ ೬ ಚದರ ಸೆಂಟಿಮೀಟರು. ಅದನ್ನೇ ಒಂದೊಂದು ನ್ಯಾನೋಮೀಟರಿನ, ಅಂದರೆ ಮಿಲಿಮೀಟರಿನ ಹತ್ತು ಲಕ್ಷದಲ್ಲೊಂದು ಪಾಲಿನ, ಘನಗಳಾಗಿ ಒಡೆದರೆ ಮೇಲ್ಮೈ ೬,೦೦೦ ಚದರ ಮೀಟರು, ಸುಮಾರು ಒಂದೂವರೆ ಎಕರೆಯಾಗುವದು! ಪಾಲಿಮರಿನ ಎಳೆಗಳು ಕಣವನ್ನು ಹಿಡಿಯುವದು ಈ ಮೇಲ್ಮೈಯಲ್ಲಿಯೇ.

ಎರೆಮಣ್ಣಿನಲ್ಲಿರುವ ಮಾಂಟ್‌ಮೊರಿಲೊನೈಟ್ ಎಂಬ ಜೇಡಿಯ ಪದರಿನ ದಪ್ಪವು ಸುಮಾರು ೧ ನ್ಯಾನೋಮೀಟರು. ೧೯೮೦ರ ದಶಕದಲ್ಲಿ ಜಪಾನಿನ ಟೊಯೋಟಾ ಸಂಶೋಧಕರು ಇಂಥ ಜೇಡಿಯನ್ನು ನೂರಕ್ಕೆ ಸುಮಾರು ೫ ಪಾಲು ನೈಲಾನಿಗೆ ಬೆರೆಸಲು, ಭಾರದಡಿ ಅದು ಬಾಗುವ ಉಷ್ಣಮಾನವು ಸುಮಾರು ೬೫ರಿಂದ ೧೪೦ ಡಿಗ್ರಿ ಸೆಲ್ಸಿಯಸ್ಸಿಗೂ ಮೇಲೇರಿತು.

ಆದರೆ ಕಣಗಳು ಸಣ್ಣವಾದಷ್ಟೂ ಗಂಟುಕಟ್ಟುವವು. ಗಂಟಾದಲ್ಲಿ ಬಲವು ಕುಂದುವದು. ಹಿಟ್ಟಿನೊಳಗಿನ ಹುಳಿಯಂತೆ ಅವು ಎಲ್ಲೆಡೆ ಹರಡಿರತಕ್ಕದ್ದು.