ಸಾಕುನಾಯಿಗೆ ಸಂತಾನಹರಣ ಚಿಕಿತ್ಸೆ

ಯಾದಗಿರಿ ತಾಲ್ಲೂಕಿನ ರಾಮಸಮುದ್ರದಂಥ ಊರುಗಳಲ್ಲಿ ಸಾಕುನಾಯಿ ಹೆಚ್ಚಾಗಿ ಮನೆ, ಹೊಲಗಳ ನಡುವೆ ಬಿಡುಬೀಸಾಗಿ ತಿರುಗುತ್ತದೆ. ಹೆಣ್ಣು ನಾಯಿ ಸಾಮಾನ್ಯವಾಗಿ 6ರಿಂದ 12 ತಿಂಗಳಲ್ಲಿ ಮೊದಲ ಸಲ ಬೆದೆಗೆ ಬರುತ್ತದೆ. ಮುಂದೆ ವರ್ಷಕ್ಕೆ ಸುಮಾರು ಎರಡು ಸಲ. ಗರ್ಭಾವಧಿ ಸುಮಾರು 63 ದಿನ. ಹುಟ್ಟುವ ಮರಿಗಳನ್ನು ಒಯ್ದು ಸಾಕುವವರಿದ್ದಾರೆಯೇ ಎಂಬುದನ್ನು ರೈತರು ಮೊದಲೇ ವಿಚಾರಿಸಬೇಕು. ಇಲ್ಲವಾದರೆ ಅವು ಲಸಿಕೆ ಕಾಣದೆ ಬೀದಿಪಾಲಾಗುತ್ತವೆ. ಅಂಥಲ್ಲಿ ಶಸ್ತ್ರಚಿಕಿತ್ಸೆಯೇ ಲೇಸು.

ಅಂಡಾಶಯ, ಗರ್ಭಕೋಶಗಳನ್ನು ತೆಗೆಸಿದರೆ ಗರ್ಭಕೋಶದಲ್ಲಿ ಕೀವು ತುಂಬುವ ಮಾರಕ ರೋಗದ ಭಯವಿರುವುದಿಲ್ಲ. ಮೊದಲ ಬೆದೆಗೆ ಮುಂಚೆ ಮಾಡಿಸಿದರೆ ಮೊಲೆಯ ಗಡ್ಡೆಯೂ ಬಹು ಅಪರೂಪ. ಬೆದೆಯಲ್ಲಿದ್ದಾಗ ರಕ್ತಸ್ರಾವ ಹೆಚ್ಚು. ಎರಡು ಮೂರು ತಿಂಗಳು ಕಾಯುವುದು ಕ್ಷೇಮ.

ಹೋರಿಯ ಬೀಜ ಒಡೆಸಲು ಹಿಂದೆಮುಂದೆ ನೋಡದವರೂ ಗಂಡು ನಾಯಿಯ ಮಾತು ಬಂದರೆ, ಕಾವಲು ಬಿಟ್ಟೀತೆಂದು ಹಿಂಜರಿಯುತ್ತಾರೆ. ತಗ್ಗುವುದು ಬೆದೆಯ ಹೆಣ್ಣನ್ನು ಅರಸುವ ಅಲೆದಾಟ. ಮನೆ ಕಾಯುವ ಗುಣ ಹೋಗುವುದಿಲ್ಲ. ಮೈ ಮಾತ್ರ ಬೇಗ ಬರುತ್ತದೆ, ರೊಟ್ಟಿ ಅನ್ನ ಕಡಿಮೆ ಮಾಡಬೇಕು.

ಉತ್ತಮ ಮುಧೋಳ ತಳಿಯ ನಾಯಿಯಾದರೆ ವಿಚಾರ ಬೇರೆ. ಬಾಗಲಕೋಟೆ ಜಿಲ್ಲೆಯ ತಿಮ್ಮಾಪುರದ ಶ್ವಾನ ಸಂಶೋಧನಾ ಕೇಂದ್ರ ಈ ತಳಿಯ ಉಳಿವಿಗಾಗಿಯೇ ಇದೆ. ಅದೇ ತಳಿಯೊಡನೆ ಕೂಡಿಸಿ ಮರಿ ಪಡೆದ ಬಳಿಕ ಚಿಕಿತ್ಸೆ ಮಾಡಿಸಬಹುದು.

ಹಿಂದಿನ ರಾತ್ರಿಯಿಂದ ಆಹಾರ ಕೊಡಬಾರದು. ಹೊಲಿಗೆ ಮಾಯುವವರೆಗೆ, ಸುಮಾರು 10 ದಿನ, ನಾಯಿಯನ್ನು ಕಟ್ಟಿಡಬೇಕು. ಹುಚ್ಚುನಾಯಿ ರೋಗದ ವಾರ್ಷಿಕ ಲಸಿಕೆಯನ್ನು ಚಿಕಿತ್ಸೆಯಾದ ನಾಯಿಗೂ ತಪ್ಪದೆ ಹಾಕಿಸಬೇಕು.