ಹಾರ್ಡ್ ಡಿಸ್ಕ್‌ಗಳ ಸ್ಥಾನಪಲ್ಲಟ ಮತ್ತು ಪ್ಯಾರಿಟಿಯ ಸಂರಕ್ಷಣೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹೂವಿನಹಡಗಲಿ ಹಾಗೂ ಹರಪನಹಳ್ಳಿ ಭಾಗದ ದಲಾಲಿ ಅಂಗಡಿಗಳಲ್ಲಿ, ಎಣ್ಣೆ ಗಿರಣಿಗಳಲ್ಲಿ ಖಾತೆ ಪುಸ್ತಕದ ಸ್ಥಾನವನ್ನು ಗಣಕಯಂತ್ರವು ಆಕ್ರಮಿಸಿ ಬಹಳ ವರ್ಷಗಳಾದವು. ಶೇಂಗಾ, ಮೆಕ್ಕೆಜೋಳ, ಹುಣಸೆಹಣ್ಣಿನ ಖರೀದಿ ಬಿಲ್ಲುಗಳು, ಇ-ವೇ ಬಿಲ್ಲುಗಳು, ಟ್ಯಾಲಿ ಕಡತಗಳು ಇವೆಲ್ಲವೂ ಈಗ ಹಾರ್ಡ್ ಡಿಸ್ಕ್‌ನಲ್ಲಿವೆ. ವರ್ಷಗಳು ಕೂಡಿದಂತೆ ಒಂದು ಡಿಸ್ಕ್ ಸಾಲದೆ, ನಾಲ್ಕೈದು ಡಿಸ್ಕ್‌ಗಳುಳ್ಳ ಚಿಕ್ಕ ಸರ್ವರ್ ಒಂದನ್ನು ಮನೆಯಲ್ಲಿಯೋ ಕಚೇರಿಯ ಮೂಲೆಯಲ್ಲಿಯೋ ಇರಿಸಿಕೊಳ್ಳುವವರಿದ್ದಾರೆ. ಇಂತಹ ಸರ್ವರ್‌ನಲ್ಲಿ ಡಿಸ್ಕ್‌ಗಳ ಕ್ರಮವನ್ನು ಬದಲಾಯಿಸುವಾಗ, ಹಳೆಯದನ್ನು ತೆಗೆದು ಹೊಸದನ್ನು ಸೇರಿಸುವಾಗ ವಹಿಸಬೇಕಾದ ಎಚ್ಚರಿಕೆಯೇ ಈ ಲೇಖನದ ವಿಷಯ.

ಇದು ಕೇವಲ ತಂತ್ರಜ್ಞರ ವಿಷಯವೆಂದು ವರ್ತಕರು ಭಾವಿಸುವಂತಿಲ್ಲ. ಕೇಂದ್ರ ಸರಕು ಮತ್ತು ಸೇವಾ ತೆರಿಗೆ ಅಧಿನಿಯಮದ 36ನೇ ಪ್ರಕರಣದ ಪ್ರಕಾರ ಲೆಕ್ಕಪತ್ರಗಳನ್ನು ವಾರ್ಷಿಕ ವಿವರಪಟ್ಟಿ ಸಲ್ಲಿಸಬೇಕಾದ ಕೊನೆಯ ದಿನಾಂಕದಿಂದ 72 ತಿಂಗಳು ಕಾಪಾಡತಕ್ಕದ್ದು. ಉದಾಹರಣೆಗೆ, 2023-24ನೇ ಸಾಲಿನ ವಾರ್ಷಿಕ ವಿವರಪಟ್ಟಿಗೆ 31-12-2024 ಕೊನೆಯ ದಿನವಾಗಿದ್ದುದರಿಂದ ಆ ಸಾಲಿನ ಲೆಕ್ಕಗಳು 31-12-2030ರವರೆಗೆ ಕೈಗೆ ಸಿಗುವಂತಿರಬೇಕು. ಮೇಲ್ಮನವಿ ಬಾಕಿಯಿದ್ದಲ್ಲಿ ಇನ್ನೂ ಹೆಚ್ಚು ಕಾಲ. ಅಪಘಾತದಿಂದಲೋ ನೈಸರ್ಗಿಕ ಕಾರಣದಿಂದಲೋ ದಾಖಲೆಗಳು ನಾಶವಾದರೆ ಯುಕ್ತ ಅವಧಿಯಲ್ಲಿ ಅವನ್ನು ಮರಳಿ ಪಡೆಯುವಂತೆ ವಿದ್ಯುನ್ಮಾನ ಬ್ಯಾಕಪ್ ಇರಬೇಕೆಂದು ನಿಯಮಾವಳಿಯ 57ನೇ ನಿಯಮವು ವಿಧಿಸುತ್ತದೆ. ಹೂಡುವಳಿ ತೆರಿಗೆ ಜಮೆಗೆ ತಾನು ಅರ್ಹನೆಂದು ರುಜುವಾತುಪಡಿಸುವ ಹೊಣೆ 155ನೇ ಪ್ರಕರಣದಂತೆ ವರ್ತಕನದೇ. ಡಿಸ್ಕ್ ಕೆಟ್ಟಿತೆಂಬ ಸಮಜಾಯಿಷಿಯಿಂದ ಖರೀದಿ ಬಿಲ್ಲು ಹುಟ್ಟುವುದಿಲ್ಲ.

ಇನ್ನು ಪ್ಯಾರಿಟಿ ಎಂದರೇನು? ಲೆಕ್ಕ ಬರೆದವರಿಗೆ ಇದು ಹೊಸತಲ್ಲ. ಮೂರು ಬಾಬುಗಳು 40, 25, 35 ಇದ್ದು, ಮೊತ್ತ 100 ಎಂದು ಬೇರೆ ಹಾಳೆಯಲ್ಲಿ ಬರೆದಿಟ್ಟಿದ್ದರೆ, 25 ಇದ್ದ ಹಾಳೆ ಹರಿದುಹೋದರೂ ಮೊತ್ತದಿಂದ ಉಳಿದೆರಡನ್ನು ಕಳೆದು ಅದನ್ನು ಪಡೆಯಬಹುದು. ಪ್ಯಾರಿಟಿ ಡಿಸ್ಕ್ ಎಂಬುದು ಈ ಮೊತ್ತದ ಹಾಳೆ. ಗಣಕಯಂತ್ರವು ಅಂಕಿಗಳನ್ನು ಕೂಡುವ ಬದಲು ಎಲ್ಲ ಡಿಸ್ಕ್‌ಗಳ ಒಂದೇ ಸ್ಥಳದಲ್ಲಿರುವ ಬಿಟ್‌ಗಳನ್ನು ನೋಡಿ, 1ರ ಸಂಖ್ಯೆ ಸಮವಾಗಿದ್ದರೆ 0, ಬೆಸವಾಗಿದ್ದರೆ 1 ಎಂದು ಬರೆಯುತ್ತದೆ. ಅಗ್ಗದ ಡಿಸ್ಕ್‌ಗಳನ್ನು ಹೀಗೆ ಒಟ್ಟುಗೂಡಿಸಿ ಭದ್ರತೆ ಪಡೆಯುವ ವಿಧಾನವನ್ನು ರೈಡ್ ಎಂಬ ಹೆಸರಿನಲ್ಲಿ 1988ರ ಪ್ರಬಂಧವೊಂದರಲ್ಲಿ ನಿರೂಪಿಸಿದವರು ಕ್ಯಾಲಿಫೋರ್ನಿಯಾ ವಿಶ್ವವಿದ್ಯಾಲಯದ ಬರ್ಕ್ಲಿಯ ಪ್ಯಾಟರ್ಸನ್, ಗಿಬ್ಸನ್ ಮತ್ತು ಕಾಟ್ಜ್. ಇಲ್ಲಿ ಪ್ರಸ್ತಾಪಿಸುತ್ತಿರುವುದು ಅನ್‌ರೈಡ್ ಮೊದಲಾದ ತಂತ್ರಾಂಶಗಳ ಮಾದರಿ. ಇದರಲ್ಲಿ ಪ್ರತಿ ಡಿಸ್ಕ್ ತನ್ನ ಕಡತಗಳನ್ನು ತಾನೇ ಪೂರ್ಣವಾಗಿ ಹೊಂದಿದ್ದು, ಪ್ಯಾರಿಟಿಗೆ ಪ್ರತ್ಯೇಕ ಡಿಸ್ಕ್ ಮೀಸಲಾಗಿರುತ್ತದೆ.

ಮೊತ್ತವನ್ನು ಯಾವ ಕ್ರಮದಲ್ಲಿ ಕೂಡಿದರೂ 100ಕ್ಕೆ 100ವೇ. ಆದುದರಿಂದ ಒಂದೇ ಪ್ಯಾರಿಟಿ ಇರುವ ಸರ್ವರ್‌ನಲ್ಲಿ ಒಂದನೆಯ ಡಿಸ್ಕ್ ಮೂರನೆಯ ಸ್ಥಾನಕ್ಕೆ, ಮೂರನೆಯದು ಒಂದನೆಯ ಸ್ಥಾನಕ್ಕೆ ಬಂದರೂ ಪ್ಯಾರಿಟಿ ಕೆಡುವುದಿಲ್ಲ. ಹರಪನಹಳ್ಳಿ ತಾಲ್ಲೂಕು 1997ರಲ್ಲಿ ಬಳ್ಳಾರಿ ಜಿಲ್ಲೆಯಿಂದ ದಾವಣಗೆರೆಗೆ ಹೋಗಿ, ಮತ್ತೆ ಬಳ್ಳಾರಿಗೆ ಮರಳಿ, 2021ರಲ್ಲಿ ವಿಜಯನಗರ ಜಿಲ್ಲೆಗೆ ಸೇರಿತು. ರಾಜ್ಯದ ಒಟ್ಟು ಲೆಕ್ಕದಲ್ಲಿ ಅದರ ಪಾಲು ಇದರಿಂದ ಬದಲಾಗಲಿಲ್ಲ, ಜಿಲ್ಲಾವಾರು ಪಟ್ಟಿ ಮಾತ್ರ ಪ್ರತಿ ಸಲವೂ ಬದಲಾಯಿತು.

ಎರಡನೆಯ ಪ್ಯಾರಿಟಿ ಡಿಸ್ಕ್ ಈ ಜಿಲ್ಲಾವಾರು ಪಟ್ಟಿಯ ಜಾತಿಯದು. ಎರಡು ಡಿಸ್ಕ್‌ಗಳು ಏಕಕಾಲಕ್ಕೆ ಕೆಟ್ಟರೂ ಉಳಿಸಿಕೊಳ್ಳಲೆಂದು ಇದನ್ನು ಇಡುತ್ತಾರೆ. ಇಲ್ಲಿ ಪ್ರತಿ ಡಿಸ್ಕ್‌ಗೆ ಅದರ ಸ್ಥಾನಕ್ಕೆ ತಕ್ಕ ತೂಕವಿರುತ್ತದೆ. ನೈಜ ಗಣಿತ ಬೇರೆಯಾದರೂ, ತೂಕ ಕ್ರಮವಾಗಿ 1, 2, 4 ಎಂದು ಭಾವಿಸಿದರೆ ತತ್ವ ತಿಳಿಯುತ್ತದೆ. 40ನ್ನು 1ರಿಂದ, 25ನ್ನು 2ರಿಂದ, 35ನ್ನು 4ರಿಂದ ಗುಣಿಸಿ ಕೂಡಿದರೆ 230. ಮೊದಲೆರಡು ಡಿಸ್ಕ್ ನಷ್ಟವಾದರೆ, ಮೊದಲ ಮೊತ್ತದಿಂದ ಅವೆರಡರ ಕೂಡಿಕೆ 65 ಎಂದೂ, ಎರಡನೆಯದರಿಂದ ತೂಕದ ಕೂಡಿಕೆ 90 ಎಂದೂ ತಿಳಿಯುತ್ತದೆ. ವ್ಯತ್ಯಾಸವಾದ 25 ಎರಡನೆಯ ಡಿಸ್ಕ್, ಉಳಿದ 40 ಮೊದಲನೆಯದು. ಆದರೆ ಒಂದನೆಯ ಮತ್ತು ಮೂರನೆಯ ಡಿಸ್ಕ್‌ಗಳನ್ನು ಅದಲುಬದಲು ಮಾಡಿದಾಗ ಲೆಕ್ಕ 35, 50, 160 ಆಗಿ 245 ಬರುತ್ತದೆ. ಬರೆದಿಟ್ಟಿರುವುದು 230. ಮೊದಲನೆಯ ಪ್ಯಾರಿಟಿ ಸರಿಯಾಗಿಯೇ ಇದ್ದು ಎರಡನೆಯದು ನಿರುಪಯುಕ್ತವಾಯಿತು. ಅನೇಕರು ಎಡವುವುದು ಇಲ್ಲಿಯೇ.

ಗಮನಿಸತಕ್ಕ ಇನ್ನೊಂದು ಅಂಶವೆಂದರೆ, ಸ್ಥಾನವೆಂದರೆ ಪೆಟ್ಟಿಗೆಯೊಳಗಿನ ಗೂಡೂ ಅಲ್ಲ, ಕೇಬಲ್ಲೂ ಅಲ್ಲ. ತಂತ್ರಾಂಶವು ಡಿಸ್ಕ್‌ಅನ್ನು ಅದರ ಕ್ರಮಸಂಖ್ಯೆಯಿಂದ ಗುರುತಿಸುವುದರಿಂದ, ಧೂಳು ಒರೆಸಲೆಂದು ತೆಗೆದು ಬೇರೆ ಗೂಡಿನಲ್ಲಿ ಹಾಕಿದರೆ ಏನೂ ಆಗದು. ಕ್ರಮಸಂಖ್ಯೆಯನ್ನು ಮರೆಮಾಚುವ ಕೆಲವು ಯು.ಎಸ್.ಬಿ. ಪೆಟ್ಟಿಗೆಗಳ ವಿಷಯದಲ್ಲಿ ಮಾತ್ರ ಜಾಗರೂಕತೆ ಅಗತ್ಯ. ತಂತ್ರಾಂಶದ ಪಟ್ಟಿಯಲ್ಲಿ ಸ್ಥಾನ ಬದಲಾಯಿಸುವುದೇ ನಿಜವಾದ ಸ್ಥಾನಪಲ್ಲಟ.

ಹಾಗೆ ಬದಲಾಯಿಸುವ ಮೊದಲು ಪ್ಯಾರಿಟಿ ತಪಾಸಣೆ ನಡೆಸಿ ದೋಷ ಶೂನ್ಯವಿರುವುದನ್ನು ಖಚಿತಪಡಿಸಿಕೊಳ್ಳಬೇಕು. ಯಾವ ಸ್ಥಾನದಲ್ಲಿ ಯಾವ ಕ್ರಮಸಂಖ್ಯೆಯ ಡಿಸ್ಕ್ ಇದೆಯೆಂಬುದನ್ನು ಕಾಗದದ ಮೇಲೆ ಬರೆದುಕೊಳ್ಳಬೇಕು. ಸರ್ವರ್‌ನ ಒಳಗೇ ಬರೆದಿಟ್ಟುಕೊಂಡ ಪಟ್ಟಿ ಆಪತ್ತಿನಲ್ಲಿ ದೊರೆಯದು. ನಂತರ ಡಿಸ್ಕ್ ಸಮೂಹವನ್ನು ನಿಲ್ಲಿಸಿ, ಹೊಸ ವಿನ್ಯಾಸದ ಆಯ್ಕೆಯಲ್ಲಿ ಸ್ಥಾನಗಳನ್ನು ನಮೂದಿಸಿ, ಪ್ಯಾರಿಟಿ ಈಗಾಗಲೇ ಸರಿಯಾಗಿದೆ ಎಂಬ ಚೌಕಕ್ಕೆ ಗುರುತು ಹಾಕಿ ಪ್ರಾರಂಭಿಸಬೇಕು. ಆ ಗುರುತನ್ನು ಮರೆತರೆ ಪ್ಯಾರಿಟಿ ಹೊಸದಾಗಿ ಬರೆಯಲ್ಪಡುತ್ತದೆ, ಅಷ್ಟು ಹೊತ್ತು ರಕ್ಷಣೆ ಇರುವುದಿಲ್ಲ. ಅದಕ್ಕಿಂತ ಘೋರವಾದುದು, ದತ್ತಾಂಶದ ಡಿಸ್ಕ್ ಕಣ್ತಪ್ಪಿನಿಂದ ಪ್ಯಾರಿಟಿಯ ಸ್ಥಾನಕ್ಕೆ ಹೋಗುವುದು. ಪ್ಯಾರಿಟಿ ರಚನೆ ಪ್ರಾರಂಭವಾದೊಡನೆ ಅದರಲ್ಲಿನ ಲೆಕ್ಕಗಳು ಅಳಿಸಲ್ಪಡುತ್ತವೆ. ಎರಡು ಪ್ಯಾರಿಟಿ ಇದ್ದಲ್ಲಿ, ಎರಡನೆಯದನ್ನು ಪಟ್ಟಿಯಿಂದ ಬಿಟ್ಟು, ಮೊದಲನೆಯದರ ರಕ್ಷಣೆಯಲ್ಲಿ ಸ್ಥಾನ ಬದಲಿಸಿ, ಬಳಿಕ ಎರಡನೆಯದನ್ನು ಸೇರಿಸಿ ಮರುರಚಿಸುವುದು ಯುಕ್ತ. ಕೊನೆಗೆ ತಿದ್ದುಪಡಿ ಬರೆಯದ ರೀತಿಯ ತಪಾಸಣೆಯನ್ನೇ ನಡೆಸಬೇಕು. ದೋಷಗಳು ಕಂಡರೆ ಕಾರಣ ತಿಳಿಯುವವರೆಗೆ ತಿದ್ದಲು ಹೋಗಬಾರದು. ತಾಳೆಪಟ್ಟಿ ಹೊಂದದಿದ್ದಾಗ ವ್ಯತ್ಯಾಸವನ್ನು ಸಸ್ಪೆನ್ಸ್ ಖಾತೆಗೆ ಹಾಕಿ ಮರೆಯುವವರ ಅಭ್ಯಾಸ ಇಲ್ಲಿ ನಡೆಯದು.

ಡಿಸ್ಕ್ ತೆಗೆಯುವುದು ಬೇರೆ ಮಾತು. 25 ಇರುವ ಹಾಳೆಯನ್ನು ಸುಮ್ಮನೆ ತೆಗೆದರೆ 100 ಎಂಬ ಮೊತ್ತ ಸುಳ್ಳಾಗುತ್ತದೆ. ಅದರ ಕಡತಗಳನ್ನು ಬೇರೆಡೆಗೆ ನಕಲು ಮಾಡಿ, ಡಿಸ್ಕ್ ಸಮೂಹದಲ್ಲಿರುವಾಗಲೇ ಅದನ್ನು ಸೊನ್ನೆಗಳಿಂದ ತುಂಬಿದರೆ ಪ್ಯಾರಿಟಿಯೂ ಜೊತೆಜೊತೆಗೆ ಬದಲಾಗುತ್ತದೆ. ಸೊನ್ನೆಯಾದ ಬಾಬನ್ನು ತೆಗೆದರೆ ಮೊತ್ತಕ್ಕೆ ಬಾಧೆಯಿಲ್ಲ. ಹೊಸ ಡಿಸ್ಕ್ ಸೇರಿಸುವಾಗಲೂ ಇದೇ ನ್ಯಾಯ. ಪ್ಯಾರಿಟಿ ಡಿಸ್ಕ್‌ನ ಗಾತ್ರ ಉಳಿದ ಯಾವುದಕ್ಕೂ ಕಡಿಮೆಯಿರಬಾರದಾದ್ದರಿಂದ, ದೊಡ್ಡ ಡಿಸ್ಕ್ ಕೊಂಡಾಗ ಮೊದಲು ಬದಲಾಯಿಸಬೇಕಾದದ್ದು ಪ್ಯಾರಿಟಿಯನ್ನೇ.

8 ಟೆರಾಬೈಟ್ ಡಿಸ್ಕ್‌ನ ಮರುರಚನೆಗೆ, ಸೆಕೆಂಡಿಗೆ ಸರಾಸರಿ 150 ಮೆಗಾಬೈಟ್ ವೇಗದಲ್ಲಿ, ಸುಮಾರು 15 ಗಂಟೆ ಬೇಕು. ಬೇಸಿಗೆಯ ವಿದ್ಯುತ್ ಕಡಿತದ ದಿನಗಳಲ್ಲಿ ಯು.ಪಿ.ಎಸ್. ಇಲ್ಲದೆ ಇದಕ್ಕೆ ಕೈಹಾಕುವುದು ಸಲ್ಲದು. ಮಾಸಿಕ ವಿವರಪಟ್ಟಿಯ 20ನೇ ತಾರೀಖು ಹತ್ತಿರವಿರುವಾಗಲೂ ಸಲ್ಲದು.

ಪ್ಯಾರಿಟಿ ಎಷ್ಟೇ ಸರಿಯಿದ್ದರೂ ಅದು ಬ್ಯಾಕಪ್ ಅಲ್ಲ. ಗುಮಾಸ್ತ ತಪ್ಪಿ ಅಳಿಸಿದ ಕಡತ, ವೈರಸ್ ಬೀಗ ಹಾಕಿದ ಕಡತ ಇವುಗಳನ್ನು ಪ್ಯಾರಿಟಿ ಅದೇ ಕ್ಷಣದಲ್ಲಿ ಒಪ್ಪಿಕೊಳ್ಳುತ್ತದೆ. ಬೆಂಕಿಗೂ ಕಳ್ಳತನಕ್ಕೂ ಸರ್ವರ್ ಒಂದೇ ವಸ್ತು. ಕೊಟ್ಟೂರಿನ ಗಿರಣಿಯ ಲೆಕ್ಕಗಳ ಪ್ರತಿಯೊಂದು ಹಡಗಲಿಯ ಬಂಧುಗಳ ಮನೆಯ ಬೀರುವಿನಲ್ಲಿರುವುದು ಉತ್ತಮ. ಕಂಪನಿಯಾಗಿ ನೋಂದಾಯಿತವಾದ ಸಂಸ್ಥೆಗಳಿಗೆ ಇಷ್ಟೇ ಸಾಲದು. 2022ರ ತಿದ್ದುಪಡಿಯಂತೆ ಅವು ವಿದ್ಯುನ್ಮಾನ ಲೆಕ್ಕಪುಸ್ತಕಗಳ ಬ್ಯಾಕಪ್‌ಅನ್ನು ಭಾರತದಲ್ಲಿರುವ ಸರ್ವರ್‌ನಲ್ಲಿ ಪ್ರತಿದಿನವೂ ಇಡತಕ್ಕದ್ದು.

ಬದಲಿಸಿ ತೆಗೆದ ಹಳೆಯ ಡಿಸ್ಕ್‌ಅನ್ನು ತಪಾಸಣೆ ಪೂರ್ಣಗೊಳ್ಳುವವರೆಗೆ ಬೇರೆ ಗಣಕಯಂತ್ರಕ್ಕೆ ಜೋಡಿಸದೆ ದಿನಾಂಕ ಬರೆದ ಚೀಟಿಯೊಡನೆ ಎತ್ತಿಡಬೇಕು. ಜೋಡಿಸಿದ ಮಾತ್ರಕ್ಕೇ ಅದರಲ್ಲಿ ಏನಾದರೂ ಬರೆಯಲ್ಪಟ್ಟು ಪ್ಯಾರಿಟಿಯೊಡನೆ ತಾಳೆಯಾಗದೆ ಹೋಗಬಹುದು. ಗುಜರಿಗೆ ಹಾಕುವಾಗ ಪೂರ್ತಿ ಅಳಿಸಿಯೇ ಹಾಕತಕ್ಕದ್ದು. ಅದರಲ್ಲಿ ಗಿರಾಕಿಗಳ ಬ್ಯಾಂಕ್ ಖಾತೆಯ ಸಂಖ್ಯೆಗಳೂ ಇರುತ್ತವೆ.